ಕೋನಿ ಐಲ್ಯಾಂಡ್‌ಗೆ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಬೆಣ್ಣೆನಗರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾನು, ಅವ್ವ, ಎಂಟು ವರ್ಷದ ಮಗಳು ತಮ್ಮನ ಮನೆಗೆ ಹೊರಟಿದ್ದೇವೆ. ತಮ್ಮ ಇರೋದು ಅಮೆರಿಕದ ಜರ್ಸಿ ಸಿಟಿಯಲ್ಲಿ, ನದಿ ದಾಟಿದರೆ ನ್ಯೂಯಾರ್ಕ್. ಶಾಲೆ ಶುರುವಾಗುವಷ್ಟರಲ್ಲಿ ವಾಪಸ್ ಬರಬೇಕು, ಹಾಗಾಗಿ ಜೂನ್, ಜುಲೈಗೆ ಮುಂದೂಡುವ ಹಾಗಿಲ್ಲ.

ನಾನು ಕೇಳಬೇಕಾಗಿರೋದು ಬ್ರೂಕ್ಲಿನ್‌ನ ಕೋನಿ ಐಲ್ಯಾಂಡ್ ಬಗ್ಗೆ. ತಮ್ಮ ಹೇಳೋದು ಹೀಗೆ: "ಅಕ್ಕಾ, ಅದು ತುಂಬಾ ಹಳೇದು, ಚಿಕ್ಕದು, ಕಾರಲ್ಲಿ ಸಿಕ್ಸ್ ಫ್ಲ್ಯಾಗ್ಸ್‌ಗೆ ಹೋಗೋಣ, ಅಲ್ಲಿ ದೊಡ್ಡ ದೊಡ್ಡ ರೈಡ್ ಇದಾವೆ." ನನಗೆ ಹಳೇದೇ ಬೇಕು. ಅವ್ವ ಚಿಕ್ಕಂದಿನಿಂದ ದುಗ್ಗಮ್ಮನ ಜಾತ್ರೆ ನೋಡಿಕೊಂಡು ಬೆಳೆದವಳು. ಆಗ ಮರದ ತೊಟ್ಟಿಲು ಬರ್ತಿತ್ತಂತೆ, ನಾಲ್ಕೇ ಪೆಟ್ಟಿಗೆ, ಇಬ್ಬರು ಆಳು ಕೈಯಲ್ಲೇ ತಳ್ಳಿ ತಿರುಗಿಸೋರಂತೆ. ಈಗ ಜಾತ್ರೆಗೆ ಬರೋದು ಕರೆಂಟಿನ ಜೈಂಟ್ ವೀಲ್. ಆದರೂ ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ಅದರ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡದೆ ಅವಳು ಮನೆಗೆ ಬರಲ್ಲ. ನೂರು ವರ್ಷ ದಾಟಿದ ಚಕ್ರ ಒಂದು ಅಲ್ಲಿ ಇನ್ನೂ ತಿರುಗ್ತಾ ಇದೆ ಅಂತ ಓದಿದೆ. ಅದನ್ನು ಅವ್ವನಿಗೆ ತೋರಿಸಲೇಬೇಕು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಅವ್ವನಿಗೆ ಅರವತ್ತೆಂಟು. ಮೊಣಕಾಲು ನೋವಿದೆ. ನಿಧಾನವಾಗಿ ನಡೀತಾಳೆ, ಆದರೆ ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಮೊಟ್ಟೆ ಕೂಡ ತಿನ್ನಲ್ಲ. ಮಗಳಿಗೆ ಎತ್ತರದ ಭಯ ಇಲ್ಲ, ಯಾವುದು ಕಂಡರೂ ಹತ್ತಬೇಕು ಅನ್ನೋಳು. ಅಷ್ಟು ಹಳೇ ರೈಡ್‌ಗಳನ್ನು ನಂಬಿ ಹತ್ತಬಹುದಾ? ಕಾರಿಲ್ಲದೆ ಹೋಗೋಕೆ ಆಗುತ್ತಾ? ತಮ್ಮನಿಗೆ ರಜೆ ಸಿಗದಿದ್ದರೆ ನಾವು ಮೂರೇ ಜನ ಹೋಗಬೇಕಾಗುತ್ತೆ. ಒಂದು ಇಡೀ ದಿನ ಅದಕ್ಕೆ ಕೊಡುವಷ್ಟು ಇದೆಯಾ? ಹೋಗಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಲ್ಲಿನಕೋಟೆ (ಚಿತ್ರದುರ್ಗ):

ಅಕ್ಕಾ, ಕಣ್ಣು ಮುಚ್ಚಿಕೊಂಡು ಹೋಗಿ. ನಾನು ಕೆಲಸದ ಮೇಲೆ ಬ್ರೂಕ್ಲಿನ್‌ನಲ್ಲಿದ್ದಾಗ ಭಾನುವಾರ ಬಂದರೆ ನನ್ನ ಕಾಲು ಆ ಕಡೆಗೇ ಹೋಗ್ತಿತ್ತು. ಸುಮ್ನೆ ಹೋಗಿ ಕೂತು ಬಂದ ದಿನಗಳೇ ಜಾಸ್ತಿ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಕೋನಿ ಐಲ್ಯಾಂಡ್‌ಗೆ ಗೇಟು ಅಂತ ಇಲ್ಲ, ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಅದು ಊರಿನ ಒಂದು ಭಾಗ. ಸಬ್‌ವೇ (ಅಲ್ಲಿಯ ಮೆಟ್ರೋ ರೈಲು) ಇಳಿದು ರಸ್ತೆ ದಾಟಿದರೆ ರೈಡ್‌ಗಳು, ಅದರಾಚೆ ಮರದ ಹಲಗೆ ಹಾಸಿದ ಅಗಲವಾದ ದಾರಿ, ಅದರಾಚೆ ಅಟ್ಲಾಂಟಿಕ್ ಸಮುದ್ರ. ಯಾವುದನ್ನು ಹತ್ತುತ್ತೀರೋ ಅದಕ್ಕೆ ಮಾತ್ರ ದುಡ್ಡು. ನಿಮ್ಮ ಅವ್ವ ಏನೂ ಹತ್ತದೆ ಇಡೀ ಸಂಜೆ ಕೂತು ನೋಡಿದರೂ ಒಂದು ಪೈಸೆ ಕೇಳಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗೋರಿಗೆ ಇದಕ್ಕಿಂತ ಒಳ್ಳೇದು ಏನು ಬೇಕು? ದೊಡ್ಡ ಪಾರ್ಕ್‌ಗಳಲ್ಲಿ ಕೂತು ನೋಡೋರೂ ತಲೆಗೆ ಇಷ್ಟು ಅಂತ ಪೂರ್ತಿ ಟಿಕೆಟ್ ಕೊಡಬೇಕು.

ಕಾರು ಬೇಡವೇ ಬೇಡ. ಜರ್ಸಿ ಸಿಟಿಯಿಂದ ಪಾಥ್ ರೈಲು ಹಿಡಿದು ಕೊನೆಯ ನಿಲ್ದಾಣ 33ನೇ ಸ್ಟ್ರೀಟ್‌ನಲ್ಲಿ ಇಳೀರಿ. ಪಕ್ಕದಲ್ಲೇ ಹೆರಾಲ್ಡ್ ಸ್ಕ್ವೇರ್ ಸಬ್‌ವೇ ನಿಲ್ದಾಣ. ಅಲ್ಲಿ ಡಿ, ಎಫ್, ಎನ್, ಕ್ಯೂ ಅನ್ನೋ ನಾಲ್ಕು ರೈಲೂ ಸಿಗ್ತವೆ. ನಾಲ್ಕರ ಕೊನೆ ನಿಲ್ದಾಣವೂ ಕೋನಿ ಐಲ್ಯಾಂಡೇ. ಯಾವುದು ಮೊದಲು ಬರುತ್ತೋ ಅದನ್ನು ಹತ್ತಿ ಕೂತರೆ ಆಯ್ತು, ಮಧ್ಯೆ ಬದಲಾಯಿಸೋದು ಇಲ್ಲ. ಸುಮಾರು ಒಂದು ಗಂಟೆ. ಡಿ, ಎನ್ ಅಥವಾ ಕ್ಯೂ ಸಿಕ್ಕರೆ ಮ್ಯಾನ್‌ಹಟನ್ ಸೇತುವೆ ಮೇಲೆ ಹೋಗುತ್ತೆ, ಅವ್ವನನ್ನು ಕಿಟಕಿ ಪಕ್ಕ ಕೂರಿಸಿ, ಎನ್ ಅಥವಾ ಕ್ಯೂ ಆದರೆ ಬ್ರೂಕ್ಲಿನ್ ಸೇತುವೆ ಚೆನ್ನಾಗಿ ಕಾಣುತ್ತೆ. ಕೋನಿ ಐಲ್ಯಾಂಡ್ ನಿಲ್ದಾಣ ನೆಲದಿಂದ ಮೇಲಿದೆ, ಆದರೆ ಇಳಿಯೋಕೆ ಇಳಿಜಾರು ದಾರಿ ಇದೆ, ಮೆಟ್ಟಿಲಿನ ಚಿಂತೆ ಬೇಡ. 44 ಇಂಚಿಗಿಂತ ಎತ್ತರ ಕಡಿಮೆ ಇರೋ ಮಕ್ಕಳಿಗೆ ಸಬ್‌ವೇಯಲ್ಲಿ ಟಿಕೆಟ್ ಇಲ್ಲ. ನಿಮ್ಮ ಮಗಳು ಅದನ್ನು ದಾಟಿರ್ತಾಳೆ ಅನ್ಸುತ್ತೆ, ಅಳತೆ ಮಾಡ್ಕೊಂಡು ಹೋಗಿ, ರೈಡ್‌ಗಳಿಗೂ ಬೇಕಾಗುತ್ತೆ.

ಮೇ ತಿಂಗಳು ಅಂದ್ರಲ್ಲ, ಅಲ್ಲೊಂದು ಎಚ್ಚರ. ಮೇ ಕೊನೆಯ ಸೋಮವಾರ ಅವರಿಗೆ ಮೆಮೋರಿಯಲ್ ಡೇ. ಅಲ್ಲಿಂದ ಮುಂದೆ ಬೇಸಿಗೆ ಪೂರ್ತಿ ದಿನಾ ತೆರೆದಿರುತ್ತೆ. ಅದಕ್ಕಿಂತ ಮುಂಚೆ ಹೆಚ್ಚಾಗಿ ಶನಿವಾರ, ಭಾನುವಾರ ಮಾತ್ರ. ವಾರದ ಮಧ್ಯೆ ಹೋದರೆ ಬೀಗ ನೋಡಿ ಬರಬೇಕಾಗುತ್ತೆ. ಸಮುದ್ರದ ಗಾಳಿ ಮೇ ತಿಂಗಳಲ್ಲಿ ತಣ್ಣಗೆ ಕೊರೆಯುತ್ತೆ. ನಮ್ಮ ಕಡೆ ಬಿಸಿಲಲ್ಲಿ ಬೆಂದು ಹೋದೋರಿಗೆ ಅದು ಗೊತ್ತಾಗಲ್ಲ. ಅವ್ವನಿಗೆ ಸ್ವೆಟರ್ ಜೊತೆಗೆ ಕಿವಿ ಮುಚ್ಚೋ ಸ್ಕಾರ್ಫ್ ಇರಲಿ.

ನೀವು ಓದಿದ ಚಕ್ರದ ಹೆಸರು ವಂಡರ್ ವೀಲ್. ಶುರುವಾಗಿದ್ದು 1920ರಲ್ಲಿ. 150 ಅಡಿ ಎತ್ತರ. ಅದರ ಕಥೆ ಒಂದು ಹೇಳಲೇಬೇಕು. ಗ್ರೀಸ್‌ನಿಂದ ಬಂದು ಹಾಟ್ ಡಾಗ್ ಮಾರಿಕೊಂಡಿದ್ದ ಡೀನೋಸ್ ವೋರ್ಡೆರಿಸ್ ಅನ್ನೋರು, ಮದುವೆಗೆ ಮೊದಲು ಹುಡುಗಿಗೆ ಒಂದು ದಿನ ಈ ಚಕ್ರವನ್ನೇ ಕೊಂಡು ಕೊಡ್ತೀನಿ ಅಂತ ಮಾತು ಕೊಟ್ಟಿದ್ದರಂತೆ. 1983ರಲ್ಲಿ ನಿಜವಾಗಿಯೂ ಕೊಂಡರು. ಈಗಲೂ ಆ ಮನೆಯವರೇ ನಡೆಸ್ತಾರೆ. ಟಿಕೆಟ್ ಕೊಡೋ ಕಡೆ, ರೈಡ್ ನಿಲ್ಲಿಸೋ ಕಡೆ ಒಂಥರಾ ಮನೆ ಜನರ ಕಾಳಜಿ ಕಾಣುತ್ತೆ. ನನಗೆ ಆ ಜಾಗ ಇಷ್ಟ ಆಗಿದ್ದು ಮುಖ್ಯವಾಗಿ ಅದಕ್ಕೇ.

ಹೊಳಲ್ಕೆರೆ ಹುಡುಗ:

ನನ್ನ ಅಭಿಪ್ರಾಯ ಬೇರೆ. ನಾವು ಫ್ರೆಂಡ್ಸ್ ಹೋಗಿದ್ವಿ, ಅಷ್ಟೇನೂ ಹಿಡಿಸಲಿಲ್ಲ. ಜಾಗ ಚಿಕ್ಕದು, ರಜೆ ದಿನ ಕಾಲಿಡೋಕೆ ಜಾಗ ಇರಲ್ಲ, ಒಂದೊಂದು ರೈಡಿಗೂ ಬೇರೆ ಬೇರೆ ದುಡ್ಡು ಅಂದಾಗ ಕೊನೆಗೆ ಲೆಕ್ಕ ಹಾಕಿದರೆ ಸಣ್ಣದೇನಲ್ಲ. ಕೆಲವು ಕಡೆ ಬಣ್ಣ ಕಿತ್ತು ಹೋಗಿತ್ತು. ಸಿಕ್ಸ್ ಫ್ಲ್ಯಾಗ್ಸ್‌ನಲ್ಲಿ ಒಂದು ಟಿಕೆಟ್ ತಗೊಂಡರೆ ದಿನವಿಡೀ ಹತ್ತಬಹುದು. ಮಗುವಿಗೆ ಅಲ್ಲೇ ಜಾಸ್ತಿ ಖುಷಿ ಆಗುತ್ತೆ. ಅಷ್ಟು ದೂರ ಹೋಗಿ ಜಾತ್ರೆ ನೋಡೋದಾದರೆ ಇಲ್ಲೇ ನೋಡಬಹುದಲ್ವಾ?

ಮಿಲ್ ಕಾಲೋನಿ (ದಾವಣಗೆರೆ):

ಹುಡುಗರು ಹಾಗೆ ಹೇಳೋದು ಸಹಜ. ಆದರೆ ಆ ಜಾಗ ಯಾರಿಗೋಸ್ಕರ ಬೆಳೀತು ಅನ್ನೋದು ಗೊತ್ತಾದರೆ ನೋಡೋ ಕಣ್ಣೇ ಬೇರೆಯಾಗುತ್ತೆ ತಮ್ಮಾ.

ನಮ್ಮ ತಂದೆ ಇಲ್ಲಿ ಹತ್ತಿ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲ. ಪಾಳಿ ಮುಗಿಸಿ ಬಂದರೆ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ವಾರಕ್ಕೊಂದು ರಜೆ. ಅವರಿಗೆ ಮನರಂಜನೆ ಅಂದರೆ ಟೆಂಟ್ ಸಿನಿಮಾ, ಕಂಪನಿ ನಾಟಕ, ಜಾತ್ರೆ. ಕೈಯಲ್ಲಿ ಇರೋ ಚಿಲ್ಲರೆಯಲ್ಲಿ ಮನೆ ಮಂದಿಗೆಲ್ಲ ಒಂದು ದಿನದ ಸಂತೋಷ ಕೊಡಿಸಬೇಕು. ಹೋದ ವರ್ಷ ಮಗಳ ಮನೆಗೆ ಹೋದಾಗ ಅವಳು ನನ್ನನ್ನು ಕೋನಿ ಐಲ್ಯಾಂಡ್‌ಗೆ ಕರೆದುಕೊಂಡು ಹೋದಳು. ಅಲ್ಲಿಯ ಚರಿತ್ರೆ ಓದ್ತಾ ನನಗೆ ನೆನಪಾಗಿದ್ದು ಅಪ್ಪನೇ.

ಮೊದಲು ಅಲ್ಲಿಗೆ ದುಡ್ಡಿರೋರು ಬರ್ತಿದ್ದರು, ದೊಡ್ಡ ದೊಡ್ಡ ಹೋಟೆಲ್‌ಗಳಿದ್ದವು. 1920ರಲ್ಲಿ ಸಬ್‌ವೇ ಬಂತು. ಟಿಕೆಟ್ ಐದೇ ಸೆಂಟು. ಎಷ್ಟು ದೂರ ಹೋದರೂ ಐದು ಸೆಂಟು, 1948ರವರೆಗೂ ಅದೇ ದರ. ಹೊಲಿಗೆ ಕಾರ್ಖಾನೆಯಲ್ಲಿ ದುಡಿಯೋರು, ಬಂದರಿನ ಕೂಲಿಯವರು, ಹೊರದೇಶದಿಂದ ಬಂದು ಒಂದೇ ಕೋಣೆಯಲ್ಲಿ ಆರೇಳು ಜನ ಇದ್ದೋರು, ಎಲ್ಲರೂ ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಬರೋಕೆ ಶುರು ಮಾಡಿದರು. ಬೇಸಿಗೆಯ ಭಾನುವಾರ ಹತ್ತು ಲಕ್ಷ ಜನ ಸೇರ್ತಿದ್ದರಂತೆ. ಆ ಜಾಗಕ್ಕೆ ಐದು ಸೆಂಟಿನ ಸಾಮ್ರಾಜ್ಯ ಅಂತಲೇ ಹೆಸರು ಬಿತ್ತು.

ಇನ್ನೂ ಒಂದು ಮಾತು. ಮುಂಚೆ ಸಮುದ್ರದ ದಂಡೆಗೆ, ಸಮುದ್ರ ಸ್ನಾನಕ್ಕೆ ಬರೋರಿಗೆ ಬಟ್ಟೆ ಬದಲಾಯಿಸೋ ಕೋಣೆ ಬಾಡಿಗೆಗೆ ಕೊಡ್ತಿದ್ದೋರು ಬೇಲಿ ಹಾಕಿಕೊಂಡು ದುಡ್ಡು ವಸೂಲಿ ಮಾಡ್ತಿದ್ದರು. ಊರಿನವರಿಗೆ ಸಮುದ್ರ ಇದ್ದೂ ಇಲ್ಲದ ಹಾಗೆ. ನಗರದ ಆಡಳಿತದವರು ಆ ದಂಡೆಯನ್ನು ಎಲ್ಲರದ್ದೂ ಅಂತ ಮಾಡಿ, ಉದ್ದಕ್ಕೂ ಮರದ ಹಲಗೆಯ ದಾರಿ ಕಟ್ಟಿಸಿ 1923ರಲ್ಲಿ ತೆರೆದರು. ಈಗ ನಡೆದರೆ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಇದೆ. ಅಲ್ಲಿ ಕೂತಾಗ ನೋಡ್ತಾ ಇದ್ದೆ. ಚೀನಾದವರು, ರಷ್ಯಾದವರು, ಮೆಕ್ಸಿಕೋದವರು, ಬಾಂಗ್ಲಾದವರು, ಕೈಯಲ್ಲಿ ಊಟದ ಡಬ್ಬಿ, ಮಕ್ಕಳಿಗೊಂದು ಬಲೂನು. ಇವತ್ತಿಗೂ ಅಲ್ಲಿಗೆ ಬರೋದು ದುಡಿಯೋ ಜನವೇ. ಬಣ್ಣ ಕಿತ್ತು ಹೋಗಿದ್ದರೆ ಹೋಗಲಿ, ಬಡವನ ಮಗುವೂ ಗೇಟು ದಾಟದೆ ಒಳಗೆ ಬರಬಹುದಾದ ಜಾಗ ಒಂದು ದೊಡ್ಡ ಊರಿನಲ್ಲಿ ಇನ್ನೂ ಉಳಿದಿದೆ. ನನಗೆ ಅದೇ ದೊಡ್ಡ ವಿಷಯ. ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಮ್ಮಾ.

ಪಿಸ್ಟನ್ (ದಾವಣಗೆರೆ):

ಸುರಕ್ಷತೆ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಾನು ಮೆಕ್ಯಾನಿಕಲ್ ಓದಿದವನು, ಅಲ್ಲಿಗೆ ಹೋಗಿದ್ದೇ ವಂಡರ್ ವೀಲ್, ಸೈಕ್ಲೋನ್ ಅನ್ನೋ ಎರಡು ಯಂತ್ರ ನೋಡೋಕೆ.

ವಂಡರ್ ವೀಲ್ ನಮ್ಮ ಜಾತ್ರೆ ಜೈಂಟ್ ವೀಲ್ ಥರ ಅಲ್ಲ. ಅದರಲ್ಲಿ 24 ಡಬ್ಬಿಗಳು. 8 ಬಿಳಿ ಡಬ್ಬಿಗಳು ಅಂಚಿಗೆ ತೂಗುಹಾಕಿದವು, ಅವು ತಮ್ಮ ಜಾಗದಲ್ಲೇ ಇರ್ತವೆ. ಉಳಿದ 16 ಕೆಂಪು, ನೀಲಿ ಡಬ್ಬಿಗಳು ಚಕ್ರದ ಒಳಗೆ ಬಾಗಿದ ಕಂಬಿಗಳ ಮೇಲೆ ಕೂತಿರ್ತವೆ. ಚಕ್ರ ತಿರುಗಿದ ಹಾಗೆ ಕಂಬಿ ಓರೆಯಾಗುತ್ತೆ, ಮೊರ ಓರೆ ಮಾಡಿದಾಗ ಕಾಳು ಜಾರುವ ಹಾಗೆ ಇಡೀ ಡಬ್ಬಿ ಒಳಗಿನಿಂದ ಅಂಚಿನ ಕಡೆಗೆ ಸರ್ರನೆ ಜಾರುತ್ತೆ. ಕಂಬಿ ಮುಗಿದ ಕಡೆ ನಿಂತು ತೂಗಾಡುತ್ತೆ. ಒಂದು ಕ್ಷಣ ಚಕ್ರದಿಂದಲೇ ಹೊರಗೆ ಬೀಳ್ತೀವಿ ಅನ್ನಿಸುತ್ತೆ. ಬೀಳಲ್ಲ. ಡಬ್ಬಿಗೆ ಸುತ್ತ ಜಾಲರಿ ಇದೆ, ಒಂದರಲ್ಲಿ ಆರು ಜನ ಕೂರಬಹುದು. ಸಾಲುಗಳೂ ಬೇರೆ ಬೇರೆ, ಜಾರೋ ಡಬ್ಬಿಗೆ ಒಂದು, ಜಾರದ ಡಬ್ಬಿಗೆ ಇನ್ನೊಂದು. ಬೋರ್ಡ್ ನೋಡಿ ನಿಂತ್ಕೊಳ್ಳಿ. ತಾಯಿಯವರನ್ನು ಬಿಳಿ ಡಬ್ಬಿಯಲ್ಲಿ ಕೂರಿಸಿ. ಮೇಲಿನಿಂದ ಸಮುದ್ರ, ಇನ್ನೊಂದು ಕಡೆ ದೂರದಲ್ಲಿ ಮ್ಯಾನ್‌ಹಟನ್ ಕಟ್ಟಡಗಳು, ಎರಡೂ ಕಾಣ್ತವೆ.

ನಿಮ್ಮ ತಾಯಿಗೆ ಇಷ್ಟ ಆಗೋ ವಿಷಯ ಒಂದಿದೆ. 1977ರ ಜುಲೈನಲ್ಲಿ ಇಡೀ ನ್ಯೂಯಾರ್ಕ್‌ಗೆ ರಾತ್ರಿ ಕರೆಂಟು ಹೋಯ್ತು. ವಂಡರ್ ವೀಲ್ ಮೇಲೆ ಜನ ಇದ್ದರು. ಕೆಲಸದವರು ಆ ಚಕ್ರವನ್ನು ಕೈಯಿಂದ ತಿರುಗಿಸಿ ಒಬ್ಬೊಬ್ಬರನ್ನೇ ಕೆಳಗೆ ಇಳಿಸಿದರು. ಸುಮಾರು 200 ಟನ್ ತೂಕದ ಚಕ್ರ ಅದು! ತೂಕ ಎರಡು ಕಡೆ ಸಮನಾಗಿದ್ದರೆ, ಬೇರಿಂಗ್ ಸರಿಯಾಗಿದ್ದರೆ, ತಿರುಗಿಸೋಕೆ ಬೇಕಾಗೋ ಬಲ ಕಡಿಮೆ. ಜಾತ್ರೆಯ ಮರದ ತೊಟ್ಟಿಲನ್ನು ಇಬ್ಬರೇ ತಿರುಗಿಸ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ಇನ್ನು ಸೈಕ್ಲೋನ್. 1927ರ ಜೂನ್‌ನಲ್ಲಿ ಶುರುವಾದ ರೋಲರ್ ಕೋಸ್ಟರ್. ಕಂಬಗಳು ಉಕ್ಕಿನವು, ಹಳಿ ಮಾತ್ರ ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲೆ ಉಕ್ಕಿನ ಪಟ್ಟಿ ಹೊಡೆದದ್ದು. ಸರಪಳಿ ನಿಮ್ಮನ್ನು 85 ಅಡಿ ಮೇಲಕ್ಕೆ ಎಳೆಯುತ್ತೆ, ಟಕ ಟಕ ಟಕ ಅಂತ ಶಬ್ದ, ಆಮೇಲೆ ಮೋಟಾರೂ ಇಲ್ಲ, ಏನೂ ಇಲ್ಲ. ಬರೀ ಭೂಮಿಯ ಸೆಳೆತ. ಮೊದಲನೇ ಇಳಿತ ಎಷ್ಟು ಕಡಿದು ಅಂದರೆ ಎದುರಿಗೆ ಹಳಿಯೇ ಕಾಣಲ್ಲ. ಗಂಟೆಗೆ 96 ಕಿಲೋಮೀಟರ್ ವೇಗ. ಎರಡು ನಿಮಿಷದೊಳಗೆ ಮುಗಿದುಹೋಗುತ್ತೆ. ಮರದ ಹಳಿ ಆದ್ದರಿಂದ ಎಲುಬೆಲ್ಲ ಅಲ್ಲಾಡುತ್ತೆ. ಕತ್ತು, ಬೆನ್ನು, ಮೊಣಕಾಲು ನೋವಿರೋರು ಹತ್ತಲೇಬಾರದು. ಮಕ್ಕಳಿಗೆ 54 ಇಂಚು ಎತ್ತರ ಬೇಕು.

ಹಳೇದು ಅಂದ ಮಾತ್ರಕ್ಕೆ ಅಪಾಯ ಅಂತಲ್ಲ. ಮರದ ಹಳಿಯ ಹಲಗೆಗಳನ್ನು ಚಳಿಗಾಲದಲ್ಲಿ ಭಾಗ ಭಾಗವಾಗಿ ಬದಲಾಯಿಸ್ತಾನೇ ಇರ್ತಾರೆ. 2024ರ ಆಗಸ್ಟ್‌ನಲ್ಲಿ ಸರಪಳಿ ಎಳೆಯೋ ಹಲ್ಲುಚಕ್ರದಲ್ಲಿ ಬಿರುಕು ಕಂಡಾಗ ರೈಡನ್ನು ಮಧ್ಯದಲ್ಲೇ ನಿಲ್ಲಿಸಿ, ಜನರನ್ನು ನಡೆಸಿಕೊಂಡು ಇಳಿಸಿ, ಬೇರೆ ಹಲ್ಲುಚಕ್ರ ಹಾಕಿ ತಪಾಸಣೆ ಆಗೋವರೆಗೂ ಮುಚ್ಚಿದ್ದರು. ಅದನ್ನು ಓದಿ ಕೆಲವರು ಹೆದರಿದರು. ನನಗೆ ಧೈರ್ಯ ಬಂತು. ಬಿರುಕು ಕಂಡ ದಿನವೇ ನಿಲ್ಲಿಸೋರ ಕೈಯಲ್ಲಿದೆ ಅಂದರೆ ಹತ್ತಬಹುದು. ನಮ್ಮಲ್ಲಿ ಜಾತ್ರೆಗೆ ಬರೋ ಜೈಂಟ್ ವೀಲ್‌ಗಳನ್ನು ಬಿಚ್ಚಿ, ಲಾರಿಗೆ ಹಾಕಿ, ಇನ್ನೊಂದು ಊರಲ್ಲಿ ಮತ್ತೆ ಜೋಡಿಸ್ತಾರೆ. ಪ್ರತಿ ಸಲ ಬೋಲ್ಟ್, ಪಿನ್ ಯಾರು ನೋಡ್ತಾರೆ? ನಾನು ನಿಜವಾಗಿ ಕೇಳಬೇಕು ಅನ್ನೋ ಪ್ರಶ್ನೆ ಅದು.

ಬೆಣ್ಣೆನಗರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಿಲ್ ಕಾಲೋನಿ ಅಣ್ಣಾ, ನೀವು ಬರೆದಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಐದು ಸೆಂಟು ಅನ್ನೋದನ್ನು ಎರಡು ಸಲ ಕೇಳಿದಳು. ಅವಳ ಅಣ್ಣಂದಿರೂ ಮಿಲ್ಲಿಗೆ ಹೋಗ್ತಿದ್ದೋರೇ. ಕೈಯಲ್ಲಿ ಚಕ್ರ ತಿರುಗಿಸಿ ಇಳಿಸಿದ್ದನ್ನಂತೂ ಪಕ್ಕದ ಮನೆಯವರಿಗೂ ಹೇಳಿ ಬಂದಿದ್ದಾಳೆ.

ಮಗಳ ಎತ್ತರ ಅಳೆದೆ, 50 ಇಂಚು. ಸೈಕ್ಲೋನ್ ಇಲ್ಲ ಅಂತ ಮುಖ ಊದಿಸಿಕೊಂಡಿದ್ದಾಳೆ. ಅವಳಿಗೆ ಬೇರೆ ಏನಿದೆ? ಊಟದ್ದು ಹೇಗೆ? ಅಲ್ಲಿ ಎಲ್ಲಾ ಕಡೆ ಮಾಂಸದ್ದೇ ಅಂತ ಕೇಳಿದ್ದೇನೆ.

ಕಲ್ಲಿನಕೋಟೆ:

ಅಲ್ಲಿ ಎರಡು ಪಾರ್ಕ್ ಪಕ್ಕ ಪಕ್ಕ ಇದಾವೆ, ಇದು ಮುಖ್ಯ. ಒಂದು ಡೀನೋಸ್ ವಂಡರ್ ವೀಲ್ ಪಾರ್ಕ್, ಚಕ್ರ ಇರೋದು ಇದರಲ್ಲಿ. ಇನ್ನೊಂದು ಲೂನಾ ಪಾರ್ಕ್, ಸೈಕ್ಲೋನ್ ಅವರದ್ದು. ಒಬ್ಬರ ಟಿಕೆಟ್ ಇನ್ನೊಬ್ಬರಲ್ಲಿ ನಡೆಯಲ್ಲ. ಬೇಲಿ ಅಷ್ಟಾಗಿ ಕಾಣದೇ ಇರೋದರಿಂದ ಗೊತ್ತಿಲ್ಲದೋರು ಒಂದು ಕಡೆ ದೊಡ್ಡ ಪಾಸ್ ತಗೊಂಡು ಇನ್ನೊಂದು ಕಡೆ ಹೋಗಿ ನಿಲ್ತಾರೆ. ನಿಮಗೆ ಡೀನೋಸ್ ಸಾಕು ಅಂತ ನನ್ನ ಅನಿಸಿಕೆ. ಮಕ್ಕಳ ಹಳೇ ರೈಡ್‌ಗಳು ತುಂಬಾ ಇದಾವೆ ಅಲ್ಲಿ. ಸ್ಪೂಕ್-ಎ-ರಾಮಾ ಅಂತ ಒಂದು ಭೂತದ ಗುಹೆ ಇದೆ, 1955ರದ್ದು. ಗಾಡಿಯಲ್ಲಿ ಕೂತು ಕತ್ತಲೆಯೊಳಗೆ ಹೋಗೋದು. ಎಂಟು ವರ್ಷದವರಿಗೆ ಹೇಳಿ ಮಾಡಿಸಿದ್ದು. ಜಾರೋ ಡಬ್ಬಿಯಲ್ಲಿ ನಿಮ್ಮ ಜೊತೆ ಮಗಳು ಕೂತರೆ ಸೈಕ್ಲೋನ್ ಮರೆತೇಬಿಡ್ತಾಳೆ.

ಹಲಗೆ ದಾರಿಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಬಿ ಅಂಡ್ ಬಿ ಅಂತ ಮರದ ಕುದುರೆಗಳ ಸುತ್ತಾಟದ ರೈಡ್ ಇದೆ. 50 ಕುದುರೆಗಳು, ಎಲ್ಲ ಕೈಯಲ್ಲಿ ಕೆತ್ತಿದ್ದು. ಹತ್ತಿರ ಹೋಗಿ ನೋಡಿ: ಜೂಲಿನ ಒಂದೊಂದು ಸುರುಳಿಯಲ್ಲೂ ಉಳಿಯ ಗುರುತು ತಿಳಿಯುತ್ತೆ, ಹಲ್ಲು ಕಿರಿದ ಬಾಯಿ, ಮೂಗಿನ ಹೊಳ್ಳೆ ಅರಳಿದ್ದು, ಕತ್ತಿನ ನರ ಉಬ್ಬಿದ್ದು. ನಮ್ಮ ತೇರಿನ ಮೇಲಿನ ಕೆತ್ತನೆ ನೋಡಿ ಬೆಳೆದ ಅವ್ವನಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತೆ. ಮಾಲೀಕರು ಮಾರೋಕೆ ಹೊರಟಾಗ ಬೇರೆಯವರ ಪಾಲಾಗದಿರಲಿ ಅಂತ ನಗರದವರೇ 2005ರಲ್ಲಿ ಕೊಂಡರು. ರಿಪೇರಿ ಮಾಡಿಸಿ 2013ರಲ್ಲಿ ಮತ್ತೆ ಶುರು ಮಾಡಿದರು. ಕುದುರೆ ಹತ್ತೋಕೆ ಮೊಣಕಾಲು ಬಿಡದಿದ್ದರೆ ಸುಮ್ನೆ ನಿಂತು ನೋಡಿದರೂ ಸರಿ.

ಅಲ್ಲೇ ಪಕ್ಕದಲ್ಲಿ ಒಂದು ಕೆಂಪು ಉಕ್ಕಿನ ಗೋಪುರ ಕಾಣುತ್ತೆ, ಅಣಬೆ ಆಕಾರದ್ದು. ಅದು ಪ್ಯಾರಾಚೂಟ್ ಜಂಪ್. 1939ರ ವಿಶ್ವ ಮೇಳಕ್ಕೆ ಕಟ್ಟಿ ಆಮೇಲೆ ಇಲ್ಲಿಗೆ ತಂದು ನಿಲ್ಲಿಸಿದ್ದು. ಈಗ ಹತ್ತೋ ಹಾಗಿಲ್ಲ, ಆದರೂ ಕೆಡವಿಲ್ಲ. ರಾತ್ರಿ ದೀಪ ಹಾಕ್ತಾರೆ.

ಊಟ ಮನೆಯಿಂದ ತಗೊಂಡು ಹೋಗಿ. ಹಲಗೆ ದಾರಿಯಲ್ಲಿ ಸಾಲಾಗಿ ಬೆಂಚುಗಳಿವೆ, ಕೂತು ತಿನ್ನೋರನ್ನು ಯಾರೂ ಕೇಳಲ್ಲ. ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ, ಮೊಸರನ್ನ ಡಬ್ಬಿಯಲ್ಲಿ ಹಾಕ್ಕೊಂಡು ಹೋಗಿ. ಕಡಲಹಕ್ಕಿಗಳು ಮಾತ್ರ ಜಾಸ್ತಿ, ಮಂಡಕ್ಕಿ ಪೊಟ್ಟಣ ಬಿಚ್ಚಿ ಪಕ್ಕದಲ್ಲಿ ಇಟ್ಟರೆ ಉಳಿಯಲ್ಲ. ನಾಥನ್ಸ್ ಅನ್ನೋ ಪ್ರಸಿದ್ಧ ಅಂಗಡಿ 1916ರಿಂದ ಅದೇ ಮೂಲೆಯಲ್ಲಿದೆ, ಅದು ಹಾಟ್ ಡಾಗ್ ಅಂಗಡಿ, ಅಂದರೆ ದನದ ಮಾಂಸ. ಅಲ್ಲಿ ಆಲೂಗಡ್ಡೆ ಫ್ರೈಸ್ ಕೂಡ ಸಿಗುತ್ತೆ. ಎಣ್ಣೆ ಬೇರೆ ಇಟ್ಟಿದ್ದಾರಾ ಅಂತ ಕೌಂಟರಿನಲ್ಲಿ ಕೇಳಿ ತಗೊಳ್ಳಿ. ಅವ್ವನಿಗೆ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ಹಲಗೆ ದಾರಿಯಲ್ಲಿ ಸಾರ್ವಜನಿಕ ಶೌಚಾಲಯಗಳೂ ಇವೆ.

ಬೆಚ್ಚನೆ ಪೆಟ್ಟಿಗೆ (ದಾವಣಗೆರೆ, ನರ್ಸ್):

ನಾನು ಅಲ್ಲಿಗೆ ಹೋದವಳಲ್ಲ. ಆದರೆ ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡೋ ನಮಗೆಲ್ಲ ಕೋನಿ ಐಲ್ಯಾಂಡ್ ಹೆಸರು ಗೊತ್ತು. ಬರೆಯದೆ ಇರೋಕೆ ಆಗಲಿಲ್ಲ.

ನೂರು ವರ್ಷದ ಹಿಂದೆ ಅಮೆರಿಕದಲ್ಲೂ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಹೆಚ್ಚಿನ ಆಸ್ಪತ್ರೆಗಳಲ್ಲಿ ಇನ್‌ಕ್ಯುಬೇಟರ್ ಇರಲಿಲ್ಲ. ಉಳಿಯಲ್ಲ ಅಂತ ಕೈ ಚೆಲ್ಲಿ ಕೂರ್ತಿದ್ದರು. ಮಾರ್ಟಿನ್ ಕೂನಿ ಅನ್ನೋರು ಆಗ ಏನು ಮಾಡಿದರು ಗೊತ್ತಾ? ಕೋನಿ ಐಲ್ಯಾಂಡ್‌ನಲ್ಲಿ, ರೈಡ್‌ಗಳ ಮಧ್ಯೆ, ಗಾಜಿನ ಪೆಟ್ಟಿಗೆಗಳಲ್ಲಿ ಆ ಮಕ್ಕಳನ್ನು ಇಟ್ಟು ಸಾಕಿದರು. ನೋಡೋಕೆ ಬರೋರಿಗೆ 25 ಸೆಂಟು ಟಿಕೆಟ್. ಆ ದುಡ್ಡಿನಲ್ಲೇ ನರ್ಸುಗಳ ಸಂಬಳ, ಹಾಲು, ಯಂತ್ರದ ಖರ್ಚು. ತಂದೆ ತಾಯಿಯಿಂದ ಒಂದು ಕಾಸೂ ತಗೊಳ್ಳಲಿಲ್ಲ. 1903ರಿಂದ 1943ರವರೆಗೆ, ನಲವತ್ತು ಬೇಸಿಗೆ! ಆರು ಸಾವಿರಕ್ಕೂ ಹೆಚ್ಚು ಮಕ್ಕಳು ಬದುಕಿದರು ಅಂತ ಹೇಳ್ತಾರೆ. ಅವರ ಸ್ವಂತ ಮಗಳೂ ದಿನ ತುಂಬದೆ ಹುಟ್ಟಿದವಳು, ಮುಂದೆ ಅಲ್ಲೇ ನರ್ಸ್ ಆದಳು. 1911ರಲ್ಲಿ ಅಲ್ಲೇ ಇದ್ದ ಡ್ರೀಮ್‌ಲ್ಯಾಂಡ್ ಅನ್ನೋ ಪಾರ್ಕ್ ಪೂರ್ತಿ ಸುಟ್ಟುಹೋದಾಗ ಒಳಗಿದ್ದ ಶಿಶುಗಳನ್ನೆಲ್ಲ ಎತ್ತಿಕೊಂಡು ಹೊರಗೆ ತಂದರು.

ಮಕ್ಕಳನ್ನು ಪ್ರದರ್ಶನಕ್ಕೆ ಇಡೋದಾ ಅಂತ ಆಗಲೇ ತುಂಬಾ ಜನ ಬೈದಿದ್ದರು. ಕೂನಿಗೆ ಡಾಕ್ಟರ್ ಪದವಿ ಇತ್ತು ಅನ್ನೋದಕ್ಕೂ ದಾಖಲೆ ಸಿಕ್ಕಿಲ್ಲ. ಇವತ್ತಿನ ಕಣ್ಣಲ್ಲಿ ನೋಡಿದರೆ ನನಗೂ ಕಸಿವಿಸಿ ಆಗುತ್ತೆ. ಆದರೆ ಒಂದೂವರೆ ಕೆಜಿಯ ಮಗುವಿನ ಅಂಗಾಲು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ ಇರುತ್ತೆ ಅಷ್ಟೇ. ದಿನಾ ಅದನ್ನು ಮುಟ್ಟೋ ನನಗೆ, ಯಾರೂ ಬೇಡ ಅಂದ ಮಕ್ಕಳನ್ನು ಒಬ್ಬರು ಎತ್ತಿಕೊಂಡರು ಅನ್ನೋದೇ ದೊಡ್ಡದಾಗಿ ಕಾಣುತ್ತೆ. 1943ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲೇ ಇಂಥ ಮಕ್ಕಳಿಗೆ ಬೇರೆ ವಿಭಾಗ ಬಂತು. ಇನ್ನು ನನ್ನ ಕೆಲಸ ಮುಗೀತು ಅಂತ ಕೂನಿ ಮುಚ್ಚಿದರು. ಅಕ್ಕಾ, ಅಲ್ಲಿಯ ಮುಖ್ಯ ರಸ್ತೆ ಸರ್ಫ್ ಅವೆನ್ಯೂದಲ್ಲಿ ನಡೆಯೋವಾಗ ಮಗಳಿಗೆ ಇದನ್ನು ಹೇಳಿ.

ಹೊಳಲ್ಕೆರೆ ಹುಡುಗ:

ಇನ್‌ಕ್ಯುಬೇಟರ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಆದರೂ ನಾನು ಹೇಳಿದ್ದರಲ್ಲಿ ಒಂದು ಮಾತು ಉಳಿಸ್ಕೊಳ್ತೀನಿ: ದೊಡ್ಡ ರೈಡ್ ಹುಚ್ಚಿರೋ ಹದಿನೈದು ಹದಿನಾರರ ಹುಡುಗರನ್ನು ಕರ್ಕೊಂಡು ಹೋಗೋರು ಸಿಕ್ಸ್ ಫ್ಲ್ಯಾಗ್ಸ್‌ಗೇ ಹೋಗಲಿ. ಅಜ್ಜಿ, ಮೊಮ್ಮಗಳಿಗೆ ನೀವೆಲ್ಲ ಹೇಳಿದ್ದೇ ಸರಿ.

ಪಿಸ್ಟನ್:

ಉಳಿಸೋದರ ಬಗ್ಗೆ ಒಂದು ಸೇರಿಸ್ತೀನಿ. ಸೈಕ್ಲೋನನ್ನು ಎಪ್ಪತ್ತರ ದಶಕದಲ್ಲಿ ಕೆಡವೋಕೆ ಹೊರಟಿದ್ದರು, ಪಕ್ಕದ ಅಕ್ವೇರಿಯಂ ವಿಸ್ತರಣೆಗೆ ಜಾಗ ಬೇಕು ಅಂತ. ಜನ ಗಲಾಟೆ ಮಾಡಿ ತಡೆದರು. 1975ರಲ್ಲಿ ರಿಪೇರಿಯಾಗಿ ಮತ್ತೆ ಓಡಿತು. 1988ರಲ್ಲಿ ಸೈಕ್ಲೋನ್, 1989ರಲ್ಲಿ ವಂಡರ್ ವೀಲ್, ಎರಡನ್ನೂ ನಗರದವರು ಸ್ಮಾರಕ ಅಂತ ಘೋಷಿಸಿದರು. ಓಡೋ ಯಂತ್ರವನ್ನು ಓಡ್ತಾ ಇರೋ ಹಾಗೇ ಸ್ಮಾರಕ ಮಾಡಿದ್ದಾರೆ. ನಾವು ಕೋಟೆ, ದೇವಸ್ಥಾನಕ್ಕೆ ಆ ಗೌರವ ಕೊಡ್ತೀವಿ. ದಾವಣಗೆರೆ ಮಿಲ್ಲುಗಳ ಒಂದು ಮಗ್ಗವನ್ನಾದರೂ, ಜಾತ್ರೆಯ ಮರದ ತೊಟ್ಟಿಲನ್ನಾದರೂ ಹಾಗೆ ಎತ್ತಿಡಬೇಕಿತ್ತು. ಯಾರ ಮನೆ ಹಿಂದೆಯಾದರೂ ಹಳೇ ತೊಟ್ಟಿಲಿನ ಮರ, ಅಚ್ಚು ಬಿದ್ದಿದ್ದರೆ ಇಲ್ಲಿ ಬರೀರಿ. ನಾನು ಬಂದು ಅಳತೆ ತಗೊಂಡು ನಕ್ಷೆ ಬರೀತೀನಿ, ನಿಜವಾಗಿ ಹೇಳ್ತಿದೀನಿ.

ಮಿಲ್ ಕಾಲೋನಿ:

ಹಳೇಪೇಟೆ ಕಡೆ ಒಂದಿಬ್ಬರನ್ನು ವಿಚಾರಿಸ್ತೀನಿ. ಜಾತ್ರೆಗೆ ತೊಟ್ಟಿಲು ಹಾಕ್ತಿದ್ದ ಮನೆತನದವರು ಇರಬೇಕು. ಸಿಕ್ಕರೆ ತಿಳಿಸ್ತೀನಿ.

ಬೆಣ್ಣೆನಗರಿ:

ಅವ್ವನನ್ನೂ ಕೇಳ್ತೀನಿ, ತೊಟ್ಟಿಲಿನವರ ಹೆಸರು ಅವಳಿಗೆ ನೆನಪಿರುತ್ತೆ.

ತಮ್ಮ ಒಪ್ಪಿದ. ಶನಿವಾರವೇ ಹೋಗೋದು ಅಂತ ಆಯ್ತು, ಅವನೂ ಬರ್ತಾನೆ, ಸೈಕ್ಲೋನ್ ಅವನು ಹತ್ತಲಿ. ಕೊನೆಯದಾಗಿ ಒಂದು ಕೇಳ್ತೀನಿ, ಬೆಳಗ್ಗೆ ಹೋಗೋದು ಒಳ್ಳೇದಾ, ಸಂಜೆಯಾ?

ಕಲ್ಲಿನಕೋಟೆ:

ಬೆಳಗ್ಗೆ ತೆರೆಯೋ ಹೊತ್ತಿಗೇ ಇರಿ. ಮೊದಲು ವಂಡರ್ ವೀಲ್ ಮುಗಿಸಿ, ಆಗ ಸಾಲು ಚಿಕ್ಕದು, ಅವ್ವ ನಿಂತು ಕಾಯೋದು ತಪ್ಪುತ್ತೆ. ಆಮೇಲೆ ಮಗಳ ರೈಡ್‌ಗಳು, ಬೆಂಚಿನಲ್ಲಿ ಊಟ, ಕುದುರೆಗಳು. ಅಕ್ವೇರಿಯಂ ಕೂಡ ಅಲ್ಲೇ ಹಲಗೆ ದಾರಿ ಮೇಲಿದೆ, ಅವ್ವನಿಗೆ ಬಿಸಿಲು, ಗಾಳಿ ಜಾಸ್ತಿ ಅನ್ನಿಸಿದರೆ ಒಳಗೆ ಹೋಗಬಹುದು. ತಮ್ಮ ಸೈಕ್ಲೋನ್ ಹತ್ತಿದಾಗ ನೀವು ರಸ್ತೆ ಕಡೆ ನಿಂತ್ಕೊಳ್ಳಿ, ಅಲ್ಲಿಂದ ಗಾಡಿ ಇಳಿಯೋದು ಪೂರ್ತಿ ಕಾಣುತ್ತೆ.

ಮಳೆ ಅಥವಾ ಜೋರು ಗಾಳಿ ಇದ್ದರೆ ರೈಡ್‌ಗಳನ್ನು ನಿಲ್ಲಿಸ್ತಾರೆ. ಅದಕ್ಕೇ ಭಾನುವಾರವನ್ನೂ ಖಾಲಿ ಇಟ್ಕೊಳ್ಳಿ. ವಾರಾಂತ್ಯದಲ್ಲಿ ಸಬ್‌ವೇ ಹಳಿ ಕೆಲಸ ಇರುತ್ತೆ, ನಾಲ್ಕರಲ್ಲಿ ಒಂದೆರಡು ರೈಲು ಬೇರೆ ದಾರಿಯಲ್ಲಿ ಹೋಗಬಹುದು ಅಥವಾ ಅರ್ಧದಲ್ಲೇ ನಿಲ್ಲಬಹುದು. ಹೊರಡೋ ದಿನ ಬೆಳಗ್ಗೆ ಎರಡೂ ಪಾರ್ಕ್‌ಗಳ ಸಮಯ, ಸಬ್‌ವೇ ಬದಲಾವಣೆ ತಮ್ಮನಿಗೆ ನೋಡೋಕೆ ಹೇಳಿ.